ಕೇಡಗಾಂವ್ ಉಜ್ಜೀವನ: ಇಸವಿ ತಪ್ಪಿದರೆ ಚರಿತ್ರೆಯೇ ತಪ್ಪುತ್ತದೆ

ಮಾನ್ಯ ಸಂಪಾದಕರೇ,

ಪಂಡಿತಾ ರಮಾಬಾಯಿ ತೀರಿಕೊಂಡದ್ದು ಏಪ್ರಿಲ್ 5ರಂದು, ಹುಟ್ಟಿದ್ದು ಏಪ್ರಿಲ್ 23ರಂದು. ಹಾಗಾಗಿ ಏಪ್ರಿಲ್ ಬಂತೆಂದರೆ ಅವರ ಬಗ್ಗೆ ಕನ್ನಡದಲ್ಲಿ ಒಂದೆರಡು ಲೇಖನ ಬರುತ್ತವೆ. ಗಂಗಾಮೂಲದ ಕಾಡಿನಲ್ಲಿ 1858ರಲ್ಲಿ ಹುಟ್ಟಿದ್ದು, ಕಾರ್ಕಳ ಬಳಿಯ ಮಾಳದವರಾದ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಹೆಂಡತಿಗೂ ಮಗಳಿಗೂ ಸಂಸ್ಕೃತ ಕಲಿಸಿದ್ದು, ಕಲ್ಕತ್ತೆಯ ವಿದ್ವಾಂಸರು ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದು ಕೊಟ್ಟಿದ್ದು, 1889ರಲ್ಲಿ ಮುಂಬೈಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ಎಂಬ ಶಾಲೆ ತೆರೆದದ್ದು ಎಲ್ಲವೂ ಅವುಗಳಲ್ಲಿ ಇರುತ್ತದೆ. ಅಲ್ಲಿಗೆ ಲೇಖನ ಮುಗಿಯುತ್ತದೆ. ಆಮೇಲೆ ಅವರು ಬದುಕಿದ 33 ವರ್ಷಕ್ಕೆ ಒಂದು ಸಾಲು ಸಿಕ್ಕರೆ ಹೆಚ್ಚು. ಕೇಡಗಾಂವ್‌ನ ಮುಕ್ತಿ ಸದನದಲ್ಲಿ, ಎಂದರೆ ಹೆಣ್ಣುಮಕ್ಕಳಿಗಾಗಿ ಅವರು ನಡೆಸಿದ ಆಶ್ರಯಧಾಮದಲ್ಲಿ, 1905ರಲ್ಲಿ ನಡೆದ ಉಜ್ಜೀವನದ (ಕ್ರೈಸ್ತರಲ್ಲಿ ಭಕ್ತಿ ಹೊಸದಾಗಿ ಎಚ್ಚರಗೊಳ್ಳುವುದರ) ಮಾತು ಬಂದರಂತೂ ಎರಡು ತಪ್ಪುಗಳು ಜೊತೆಯಾಗಿಯೇ ಬರುತ್ತವೆ. ಅದು ಅಮೆರಿಕದ ಲಾಸ್ ಏಂಜಲೀಸ್‌ನ ಪೆಂತೆಕೋಸ್ತ್ ಚಳವಳಿಯ ಕವಲು ಎಂಬುದು ಒಂದು. ಬಿಳಿಯ ಮಿಷನರಿಗಳು ಅನಾಥ ಹುಡುಗಿಯರ ತಲೆ ಕೆಡಿಸಿ ಮಾಡಿಸಿದ್ದು ಎಂಬುದು ಇನ್ನೊಂದು. ಎರಡೂ ದಾಖಲೆಗೆ ಹೊಂದುವುದಿಲ್ಲ. ಯಾಕೆ ಹೊಂದುವುದಿಲ್ಲ ಎಂದು ವಿವರವಾಗಿ ಹೇಳಬೇಕಾಗಿದೆ, ದಯವಿಟ್ಟು ಸ್ಥಳ ಕೊಡಿ.

ಮೊದಲು ಇಸವಿಗಳು. ಲಾಸ್ ಏಂಜಲೀಸ್‌ನ ಪೆಂತೆಕೋಸ್ತ್ ಚಳವಳಿಗೆ ಹೆಸರಾದ ಅಜೂಸಾ ಬೀದಿಯ ಕೂಟಗಳು ಶುರುವಾದದ್ದು 1906ರ ಏಪ್ರಿಲ್‌ನಲ್ಲಿ. ಕೇಡಗಾಂವ್‌ನಲ್ಲಿ ಉಜ್ಜೀವನ ಕಾಣಿಸಿದ್ದು 1905ರ ಜೂನ್ ಕೊನೆಯಲ್ಲಿ, ಎಂದರೆ ಅದಕ್ಕೂ ಸುಮಾರು ಒಂಬತ್ತೂವರೆ ತಿಂಗಳು ಮೊದಲು. ಅದಕ್ಕಾಗಿ ಪ್ರಾರ್ಥನೆ ಆರಂಭವಾದದ್ದು ಅದೇ ವರ್ಷದ ಜನವರಿಯಲ್ಲಿ. ನಂತರ ಬಂದದ್ದು ಮೊದಲಿನದ್ದಕ್ಕೆ ಮೂಲವಾಗುವುದು ಹೇಗೆ? ಹೊರಗಿನಿಂದ ಬಂದ ಪ್ರೇರಣೆಯನ್ನು ಹುಡುಕುವವರು ವೇಲ್ಸ್ ಕಡೆಗೆ ನೋಡಬೇಕು. ಅಲ್ಲಿ 1904ರ ಅಕ್ಟೋಬರ್ 31ರಂದು ಲೋಖರ್ ಎಂಬ ಊರಿನ ಮೊರಾಯಾ ಚಾಪೆಲ್‌ನಲ್ಲಿ, ಹಿಂದೆ ಕಲ್ಲಿದ್ದಲು ಗಣಿಯಲ್ಲಿ ದುಡಿದಿದ್ದ ಇವಾನ್ ರಾಬರ್ಟ್ಸ್ ಎಂಬ ಯುವಕ ಕೂಟಗಳನ್ನು ಆರಂಭಿಸಿದ. ಆ ಸುದ್ದಿ ಪತ್ರಿಕೆಗಳ ಮೂಲಕ, ಕಾಗದಗಳ ಮೂಲಕ ಭಾರತಕ್ಕೆ ಬೇಗ ತಲುಪಿತು. 1841ರಿಂದಲೇ ವೇಲ್ಸ್ ಮಿಷನ್ ಕೆಲಸ ಮಾಡುತ್ತಿದ್ದ, ಇಂದಿನ ಮೇಘಾಲಯದ ಖಾಸಿ ಬೆಟ್ಟಗಳಲ್ಲಿ 1905ರ ಮಾರ್ಚ್‌ನಲ್ಲಿ ಉಜ್ಜೀವನ ಎದ್ದಿತು. ಕೇಡಗಾಂವ್‌ನಲ್ಲೂ ಈ ಸುದ್ದಿ ಓದಿ ಆಸೆ ಹೆಚ್ಚಿದ್ದು ನಿಜ.

ಆದರೆ ಸುದ್ದಿ ಓದಿದವರೆಲ್ಲರ ಊರಿನಲ್ಲೂ ಉಜ್ಜೀವನ ಆಗಲಿಲ್ಲವಲ್ಲ. ರಮಾಬಾಯಿಯವರ ಸಿದ್ಧತೆ ವೇಲ್ಸ್‌ಗಿಂತ ಹಿಂದಿನದು. 1898ರಲ್ಲಿ ಅವರು ಇಂಗ್ಲೆಂಡಿನ ಕೆಸ್ವಿಕ್ ಊರಿನ ಕ್ರೈಸ್ತ ಸಮ್ಮೇಳನಕ್ಕೆ ಹೋಗಿದ್ದಾಗ ಭಾರತದ ಕ್ರೈಸ್ತರ ಮೇಲೆ ಪವಿತ್ರಾತ್ಮ, ಎಂದರೆ ದೇವರ ಆತ್ಮ, ಸುರಿಯಬೇಕೆಂದು ಪ್ರಾರ್ಥಿಸುವಂತೆ ಅಲ್ಲಿದ್ದ ಜನರನ್ನು ಕೇಳಿಕೊಂಡರು. 1902ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಟಾರಿ ಮತ್ತು ಅಲೆಕ್ಸಾಂಡರ್ ಎಂಬ ಸುವಾರ್ತಾ ಪ್ರಚಾರಕರು ನಡೆಸಿದ ಕೂಟಗಳ ಹಿಂದೆ ಮನೆಮನೆಯ ಪ್ರಾರ್ಥನಾ ಗುಂಪುಗಳ ಜಾಲವೇ ಇತ್ತೆಂದು ತಿಳಿದಾಗ, ಅದು ಹೇಗೆ ನಡೆಯಿತೆಂದು ನೋಡಿ ಬರಲು ಮಗಳು ಮನೋರಮಾಳನ್ನೂ ಜೊತೆಗೆಲಸದ ಮಿನ್ನಿ ಏಬ್ರಮ್ಸ್‌ರನ್ನೂ ಅಲ್ಲಿಗೆ ಕಳಿಸಿದರು. ಅವರು ನೋಡಿ ಬರಲು ಹೇಳಿದ್ದು ಉಪದೇಶವನ್ನಲ್ಲ, ವ್ಯವಸ್ಥೆಯನ್ನು. ಕೇಡಗಾಂವ್‌ನ ಚರಿತ್ರೆ ಅರ್ಥವಾಗಬೇಕಾದರೆ ಇದನ್ನು ಗಮನಿಸಬೇಕು.

ಈಗ ಸ್ಥಳದ ಬಗ್ಗೆ. ಕೇಡಗಾಂವ್ ಪುಣೆಯಿಂದ ಸುಮಾರು 55 ಕಿ.ಮೀ. ದೂರದಲ್ಲಿ, ದೌಂಡ್ ಕಡೆಗೆ ಹೋಗುವ ರೈಲು ದಾರಿಯಲ್ಲಿದೆ. ಮುಂಬೈಯಿಂದ ಪುಣೆಗೆ ಬಂದಿದ್ದ ಶಾರದಾ ಸದನದ ಖರ್ಚಿಗೆ ಆಧಾರವಾಗಲಿ ಎಂದು ರಮಾಬಾಯಿ ಅಲ್ಲಿ ಸುಮಾರು 100 ಎಕರೆ ಜಮೀನು ಕೊಂಡು ಬಾವಿ ತೋಡಿಸಿ ಹಣ್ಣಿನ ತೋಟ ಮಾಡಿಸಿದ್ದರು. 1896–97ರ ಬರಗಾಲದಲ್ಲಿ ಮಧ್ಯ ಪ್ರಾಂತ್ಯಕ್ಕೆ ಹೋಗಿ ಹಸಿದು ಬಿದ್ದಿದ್ದ ಹೆಣ್ಣುಮಕ್ಕಳನ್ನೂ ವಿಧವೆಯರನ್ನೂ ಕರೆತಂದರು, ಮೊದಲ ಬಾರಿಗೆ ಸುಮಾರು 300 ಜನ. ಪುಣೆಯಲ್ಲಿ ಪ್ಲೇಗ್ ನಿಯಮಗಳು ಬಿಗಿಯಾದ್ದರಿಂದ ಅವರನ್ನು ಊರೊಳಗೆ ಇಡಲಾಗದೆ ಕೇಡಗಾಂವ್‌ಗೆ ಸಾಗಿಸಬೇಕಾಯಿತು. 1899–1900ರ ಗುಜರಾತ್ ಬರಗಾಲ ಮುಗಿಯುವ ಹೊತ್ತಿಗೆ ಅಲ್ಲಿ 1,900ರಷ್ಟು ಜನರಿದ್ದರು. ಶಾಲೆ, ಹೊಲ, ನೇಯ್ಗೆ, ಎಣ್ಣೆ ಗಾಣ, ಅಚ್ಚುಕೂಟ, ಕುರುಡರಿಗೆ ಬ್ರೈಲ್ ಕಲಿಸುವ ಬರ್ತಿಮಿ ಸದನ, ಮೋಸಹೋದ ಹೆಣ್ಣುಮಕ್ಕಳ ಕೃಪಾ ಸದನ, ಇವೆಲ್ಲ ಒಂದೇ ಆವರಣದಲ್ಲಿ ನಡೆಯುತ್ತಿದ್ದವು. ನಡೆಸುತ್ತಿದ್ದವರಲ್ಲಿ ಹೆಚ್ಚಿನವರು ಹೆಂಗಸರೇ. ಇಂಥ ಜಾಗದಲ್ಲಿ ಗಂಟೆ ಬಾರಿಸಿದರೆ ಇಷ್ಟು ಜನ ಇಷ್ಟು ಹೊತ್ತಿಗೆ ಸೇರುತ್ತಾರೆ ಎಂಬ ಶಿಸ್ತು ಮೊದಲೇ ಬೇರೂರಿತ್ತು. ಉಜ್ಜೀವನ ಇಳಿದದ್ದು ಅಂಥ ನೆಲದ ಮೇಲೆ.

1905ರ ಜನವರಿಯಲ್ಲಿ ರಮಾಬಾಯಿ, ಉಜ್ಜೀವನಕ್ಕಾಗಿ ದಿನವೂ ತಮ್ಮ ಜೊತೆ ಪ್ರಾರ್ಥಿಸಲು ಯಾರು ಬರುತ್ತೀರಿ ಎಂದು ಕೇಳಿದರು. 70 ಜನ ಮುಂದೆ ಬಂದರು. ಕಡ್ಡಾಯ ಮಾಡಲಿಲ್ಲ, ಹೆಸರು ಕೊಟ್ಟವರು ಮಾತ್ರ ಬರಬೇಕಿತ್ತು. ತಿಂಗಳು ಕಳೆದಂತೆ ಒಬ್ಬೊಬ್ಬರೇ ಸೇರಿಕೊಂಡು, ಜೂನ್ ಹೊತ್ತಿಗೆ 550 ಜನ ದಿನಕ್ಕೆ ಎರಡು ಸಲ ಪ್ರಾರ್ಥನಾ ಮಂದಿರದಲ್ಲಿ ಕೂಡುತ್ತಿದ್ದರು. ಐದಾರು ತಿಂಗಳು ಏನೂ ‘ನಡೆಯದೆ’ ಇದ್ದಾಗಲೂ ಸಂಖ್ಯೆ ಇಳಿಯದೆ ಏರಿತು ಎಂಬುದೇ ನಮಗೆ ಈ ಇಡೀ ಕಥೆಯ ಅತ್ಯಂತ ಗಟ್ಟಿಯಾದ ಸಂಗತಿ ಎನಿಸುತ್ತದೆ. ಆವೇಶದಿಂದ ಹುಟ್ಟಿದ ಕೂಟ ಮೂರನೆಯ ವಾರಕ್ಕೆ ಕರಗುತ್ತದೆ. ಸಭೆ ನಡೆಸಿದವರೆಲ್ಲ ಇದನ್ನು ಬಲ್ಲರು.

ಜೂನ್‌ನಲ್ಲಿ ಎರಡನೆಯ ಹೆಜ್ಜೆ. ಬೈಬಲ್ ಶಾಲೆಯಲ್ಲಿ ಓದುತ್ತಿದ್ದವರ ಪೈಕಿ, ಉಳಿದ ಪಾಠಗಳನ್ನು ಬಿಟ್ಟು ಸುತ್ತಲಿನ ಹಳ್ಳಿಗಳಿಗೆ ಸುವಾರ್ತೆ ಸಾರಲು ಹೋಗುವವರು ಯಾರು ಎಂದು ಕೇಳಿದರು. 30 ಮಂದಿ ಯುವತಿಯರು ಹೆಸರು ಕೊಟ್ಟರು. ಅವರು ಮಿನ್ನಿ ಏಬ್ರಮ್ಸ್ ಜೊತೆ ಪ್ರತ್ಯೇಕವಾಗಿ ಕೂಡಿ, ಆ ಕೆಲಸಕ್ಕೆ ಬೇಕಾದ ಬಲ ಸಿಗಲೆಂದು ದಿನವೂ ಪ್ರಾರ್ಥಿಸತೊಡಗಿದರು. ಜೂನ್ 29ರ ಬೆಳಗಿನ ಜಾವ ಮೂರೂವರೆಗೆ ದೊಡ್ಡ ಹುಡುಗಿಯೊಬ್ಬಳು ಏಬ್ರಮ್ಸ್‌ರನ್ನು ಎಬ್ಬಿಸಿ ಪವಿತ್ರಾತ್ಮ ಬಂದಿದೆ ಎಂದಳು. ಗೆಳತಿಯ ಮೈಮೇಲೆ ಬೆಂಕಿ ಕಂಡಂತಾಗಿ ಆಕೆ ಬಕೆಟ್ ನೀರು ತರಲು ಓಡಿದ್ದಳಂತೆ. ಸುರಿಯಬೇಕು ಎನ್ನುವಷ್ಟರಲ್ಲಿ ಅದು ಸುಡುವ ಬೆಂಕಿಯಲ್ಲ ಎಂದು ಗೊತ್ತಾಯಿತಂತೆ. ಮರುದಿನ ರಮಾಬಾಯಿ ಯೋಹಾನನ ಸುವಾರ್ತೆಯ 8ನೇ ಅಧ್ಯಾಯವನ್ನು ವಿವರಿಸುತ್ತಿದ್ದಾಗ ಕೂತಿದ್ದವರೆಲ್ಲ ಒಟ್ಟಿಗೇ ಗಟ್ಟಿಯಾಗಿ ಪ್ರಾರ್ಥಿಸತೊಡಗಿದರು. ಅವರು ಮಾತು ನಿಲ್ಲಿಸಬೇಕಾಯಿತು. ಕೆಲವರು ಮೊಣಕಾಲೂರಿ, ಕೆಲವರು ನಿಂತು, ಹಲವರು ಕೈಚಾಚಿ ಅಳುತ್ತಿದ್ದರು. ಅಂದಿನಿಂದ ಪಾಠಗಳು ನಿಂತವು. ತರಗತಿಯಲ್ಲಿ, ಕೈಗಾರಿಕಾ ಶಾಲೆಯಲ್ಲಿ, ಕೆಲಸದ ಜಾಗದಲ್ಲಿ ಪಾಪದ ಅರಿವಿನಿಂದ ಕುಸಿದವರನ್ನು ಬೈಬಲ್ ಶಾಲೆಗೆ ಕರೆತಂದು, ಕೂರಿಸಿಕೊಂಡು ಮಾತಾಡಿಸುವುದೇ ಕೆಲಸವಾಯಿತು.

ಒಳಗಿನ ಕ್ರಮ ಹೀಗಿತ್ತು: ಮೊದಲು ತನ್ನ ಪಾಪ ತನಗೇ ತಾಳಲಾಗದಷ್ಟು ಕಾಣುವುದು, ಆಮೇಲೆ ಅದನ್ನು ಬಾಯಿಬಿಟ್ಟು ಅರಿಕೆ ಮಾಡುವುದು, ಯಾರಿಗೆ ತಪ್ಪು ಮಾಡಿದ್ದೋ ಅವರ ಬಳಿ ಹೋಗಿ ಸರಿಪಡಿಸಿಕೊಳ್ಳುವುದು, ಕೊನೆಗೆ ಸಮಾಧಾನ, ಹಾಡು. ಈ ನಡುವಿನ ಮೆಟ್ಟಿಲು ತಪ್ಪಿದರೆ ಉಜ್ಜೀವನ ಕೆಡುತ್ತದೆ. ಅಳು ಬಂತು, ಹಾಡು ಬಂತು, ಕದ್ದದ್ದು ಮಾತ್ರ ವಾಪಸು ಹೋಗಲಿಲ್ಲ ಎಂದರೆ ಅಲ್ಲಿ ನಡೆದದ್ದು ಮನಸ್ಸಿನ ಅಲ್ಲಾಟವಷ್ಟೇ. ಇನ್ನೊಂದು ಅಪಾಯ ಅನುಕರಣೆಯದು. ಪಕ್ಕದವಳು ನಡುಗಿದಳೆಂದು ತಾನೂ ನಡುಗುವುದು, ನಡುಗದಿದ್ದರೆ ತನಗೆ ಆತ್ಮ ಸಿಗಲಿಲ್ಲವೆಂದು ಕೊರಗುವುದು. ಒಂದೇ ಸೂರಿನಡಿ ನೂರಾರು ಹದಿಹರೆಯದವರು ಇರುವ ಜಾಗದಲ್ಲಿ ಇದು ಸುಲಭವಾಗಿ ಹಬ್ಬುತ್ತದೆ. ಇಂಥದ್ದನ್ನು ಬಲವಂತದಿಂದ ನಿಲ್ಲಿಸಲು ಹೋದರೆ ನಿಜವಾದದ್ದೂ ನಿಲ್ಲುತ್ತದೆ, ಬಿಟ್ಟುಬಿಟ್ಟರೆ ಸುಳ್ಳು ಬೆಳೆಯುತ್ತದೆ. ಕೇಡಗಾಂವ್‌ನಲ್ಲಿ ಕಂಡುಕೊಂಡ ದಾರಿ ಕೆಲಸ ಕೊಡುವುದು. ಉಜ್ಜೀವನ ಹೊಂದಿದವರನ್ನು ಪ್ರಾರ್ಥನಾ ತಂಡಗಳಾಗಿ ಮಾಡಿದರು. ಮುಂದೆ ಸುಮಾರು 700 ಮಂದಿ ಈ ತಂಡಗಳಿಗೆ ಸೇರಿದರು. ದಿನಕ್ಕೆ 60ರಷ್ಟು ಜನ ಸರದಿಯ ಮೇಲೆ ಹಳ್ಳಿಗಳಿಗೆ ಹೋಗುತ್ತಿದ್ದರು. ಉಳಿದವರು ಓದು, ಹೊಲ, ನೇಯ್ಗೆಗೆ ಮರಳುತ್ತಿದ್ದರು. ಯಾರಿಗಾಗಿ ಪ್ರಾರ್ಥಿಸಬೇಕು ಎಂಬುದಕ್ಕೆ ಹೆಸರಿನ ಪಟ್ಟಿಗಳಿದ್ದವು. ಆ ಪಟ್ಟಿಗಳನ್ನು ತಂಡಗಳಿಗೆ ಹಂಚಿ, ಎಲ್ಲರೂ ಸೇರಿ 29,000ದಷ್ಟು ಜನರನ್ನು ಹೆಸರು ಹಿಡಿದು ಪ್ರಾರ್ಥನೆಯಲ್ಲಿ ನೆನೆಯುತ್ತಿದ್ದರೆಂದು ಅಂದಿನ ವರದಿಗಳು ಹೇಳುತ್ತವೆ. ಇಷ್ಟು ಲೆಕ್ಕಾಚಾರ ಇರುವುದನ್ನು ತಲೆಕೆಟ್ಟ ಆವೇಶ ಎನ್ನುವುದು ನ್ಯಾಯವಲ್ಲ.

ಆಕ್ಷೇಪ ಬಂದದ್ದು ಎಲ್ಲಿಂದ ಎಂಬುದನ್ನೂ ನೋಡಬೇಕು. ಎಲ್ಲರೂ ಒಟ್ಟಿಗೆ ಕೂಗಿ ಪ್ರಾರ್ಥಿಸುವುದು ಸರಿಯಲ್ಲ, ಎಲ್ಲವೂ ಕ್ರಮವಾಗಿ ನಡೆಯಬೇಕು ಎಂದು ಮುಖ ಸಿಂಡರಿಸಿದವರಲ್ಲಿ ಯುರೋಪಿಯನ್ ಮಿಷನರಿಗಳು ಹಲವರಿದ್ದರು. ಭಾರತದ ಜನ ತಮ್ಮ ಸ್ವಭಾವಕ್ಕೆ ತಕ್ಕಂತೆ ದೇವರನ್ನು ಕರೆಯುತ್ತಾರೆ, ಪಶ್ಚಿಮದ ಅಚ್ಚಿನಲ್ಲಿ ಅವರನ್ನು ಎರಕ ಹೊಯ್ಯಲು ಹೋಗಬಾರದು ಎಂಬುದು ರಮಾಬಾಯಿಯವರ ನಿಲುವು. ಇಂಗ್ಲೆಂಡಿನ ವಾಂಟೇಜ್‌ನಲ್ಲಿ 1883ರಲ್ಲಿ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದ ನಂತರವೂ ಅಲ್ಲಿನ ಆಂಗ್ಲಿಕನ್ ಹಿರಿಯರ ಮಾತನ್ನು ಸುಮ್ಮನೆ ಒಪ್ಪಿಕೊಂಡವರಲ್ಲ ಅವರು; ಪ್ರಶ್ನೆ ಕೇಳಿ ಕೇಳಿ ಜಗಳಕ್ಕೂ ಇಳಿದಿದ್ದರು. ಕೇಡಗಾಂವ್‌ನಲ್ಲಿ ಅವರು ಯಾವ ಮಿಷನ್ ಮಂಡಳಿಯ ಸಂಬಳಕ್ಕೂ ಇರಲಿಲ್ಲ. ಮೆಥಡಿಸ್ಟ್ ಮಿಷನರಿಯಾಗಿ 1887ರಲ್ಲಿ ಮುಂಬೈಗೆ ಬಂದಿದ್ದ ಏಬ್ರಮ್ಸ್, 1898ರಲ್ಲಿ ರಮಾಬಾಯಿಯವರ ಕೈಕೆಳಗೆ ಕೆಲಸ ಮಾಡಲು ಬಂದವರು. ಯಜಮಾನಿಕೆ ಯಾರದ್ದು ಎಂಬುದರಲ್ಲಿ ಗೊಂದಲವೇ ಇರಲಿಲ್ಲ.

ಅನ್ಯಭಾಷೆಗಳಲ್ಲಿ ಮಾತಾಡುವ, ಎಂದರೆ ಪ್ರಾರ್ಥಿಸುವಾಗ ತಾನು ಕಲಿಯದ ಭಾಷೆಯಲ್ಲಿ ನುಡಿಯುವ ವಿಷಯಕ್ಕೆ ಬಂದರೆ, ಅದು ಮುಕ್ತಿಯಲ್ಲಿ ಎದ್ದು ಕಂಡದ್ದು 1906ರ ಕೊನೆಯ ಹೊತ್ತಿಗೆ. ಅದೇ ವರ್ಷ ಏಬ್ರಮ್ಸ್ ಪವಿತ್ರಾತ್ಮನ ಅಗ್ನಿಸ್ನಾನದ ಬಗ್ಗೆ ಒಂದು ಪುಸ್ತಿಕೆ ಬರೆದರು. ಅನ್ಯಭಾಷೆ ಒಂದು ವರ ಹೌದು, ಆದರೆ ಅದಿಲ್ಲದವರಿಗೆ ಆತ್ಮ ಸಿಕ್ಕಿಲ್ಲ ಎನ್ನಲಾಗದು ಎಂಬುದು ರಮಾಬಾಯಿಯವರ ಮತವಾಗಿತ್ತು. ಅಮೆರಿಕದ ಹಲವು ಪೆಂತೆಕೋಸ್ತ್ ಸಭೆಗಳು ಆಮೇಲೆ ಹಿಡಿದ ದಾರಿ ಬೇರೆ, ಆತ್ಮ ಸಿಕ್ಕಿದ್ದಕ್ಕೆ ಅನ್ಯಭಾಷೆಯೇ ಗುರುತು ಎಂಬುದು. ಮುಕ್ತಿಯದನ್ನು ಅದರ ಕವಲು ಎನ್ನಲಾಗದು ಎಂಬುದಕ್ಕೆ ಇದೂ ಒಂದು ಸಾಕ್ಷಿ. ಹರಿವು ಎದುರು ದಿಕ್ಕಿನಲ್ಲೂ ಇತ್ತು. ಏಬ್ರಮ್ಸ್ ತಮ್ಮ ಪುಸ್ತಿಕೆಯನ್ನು ಷಿಕಾಗೋದಲ್ಲಿ ಜೊತೆಗೆ ಓದಿದ್ದ ಗೆಳತಿಗೆ ಕಳಿಸಿದರು. ಆ ಗೆಳತಿ ದಕ್ಷಿಣ ಅಮೆರಿಕದ ಚಿಲಿ ದೇಶದ ವಾಲ್ಪರೈಸೋದಲ್ಲಿ ಮೆಥಡಿಸ್ಟ್ ಪಾದ್ರಿ ವಿಲ್ಲಿಸ್ ಹೂವರ್ ಅವರ ಪತ್ನಿ. 1909ರಲ್ಲಿ ಅಲ್ಲಿ ಎದ್ದ ಉಜ್ಜೀವನದಿಂದಲೇ ಚಿಲಿಯ ಪೆಂತೆಕೋಸ್ತ್ ಸಭೆಗಳು ಹುಟ್ಟಿದವು. ಪುಣೆ ಬಳಿಯ ಹಳ್ಳಿಯೊಂದರ ಬರಗಾಲದ ಹೆಣ್ಣುಮಕ್ಕಳ ಪ್ರಾರ್ಥನೆಯ ಸುದ್ದಿ ಲಾಸ್ ಏಂಜಲೀಸ್‌ನ ಹಂಗಿಲ್ಲದೆ ಪೆಸಿಫಿಕ್ ದಡಕ್ಕೆ ಮುಟ್ಟಿದ್ದು ಹೀಗೆ. ಖಾಸಿ ಬೆಟ್ಟಗಳ ಸುದ್ದಿಯೂ ಇದೇ ರೀತಿ 1906ರಲ್ಲಿ ಕೊರಿಯಾ ಮುಟ್ಟಿತು. 1907ರ ಜನವರಿಯಲ್ಲಿ ಪ್ಯೋಂಗ್ಯಾಂಗ್‌ನಲ್ಲಿ ನಡೆದ ಉಜ್ಜೀವನದಲ್ಲೂ ಎಲ್ಲರೂ ಒಟ್ಟಿಗೆ ಗಟ್ಟಿಯಾಗಿ ಪ್ರಾರ್ಥಿಸಿದರು.

ಇದು ಭಾರತದಲ್ಲಿ ಮೊದಲನೆಯದೂ ಅಲ್ಲ. 1860ರಲ್ಲಿ ತಿರುನೆಲ್ವೇಲಿ ಸೀಮೆಯಲ್ಲಿ ಜಾನ್ ಕ್ರಿಶ್ಚಿಯನ್ ಅರುಳಪ್ಪನ್ ಎಂಬ ತಮಿಳು ಬೋಧಕರ ಮುಂದಾಳ್ತನದಲ್ಲಿ ಇಂಥದೇ ಉಜ್ಜೀವನ ನಡೆದಿತ್ತು. ಅದರ ಬೆನ್ನಿಗೆ 1873ರಲ್ಲಿ ತಿರುವಾಂಕೂರಿನಲ್ಲಿ ಮತ್ತೊಂದು ಎದ್ದಿತು. ಅದು ಹೇಗೆ ದಾರಿ ತಪ್ಪಿತೆಂಬುದು ಎಲ್ಲ ಸಭೆಗಳಿಗೂ ಗೊತ್ತಿರಬೇಕು. ಬ್ರಾಹ್ಮಣ ಕುಲದಿಂದ ಬಂದಿದ್ದ ಪಾದ್ರಿ ಜಸ್ಟಸ್ ಜೋಸೆಫ್ ಒಳ್ಳೆಯ ವಿದ್ವಾಂಸರು, ಹಾಡುಗಳ ರಚನೆಯಲ್ಲಿ ಪಳಗಿದವರು. ಅವರ ಬಳಗ 1875ರಲ್ಲಿ ಮಾತೃಸಭೆಯಿಂದ ಬೇರೆಯಾಯಿತು. 1881ರಲ್ಲಿ ಕ್ರಿಸ್ತನು ಮರಳಿ ಬರುತ್ತಾನೆಂದು ಗಡುವು ಹೇಳಿತು. ಗಡುವು ದಾಟಿದ ಮೇಲೆ ಬಹಳ ಮಂದಿ ಹಿಂದಿರುಗಿದರು. ದರ್ಶನದಲ್ಲಿ ಕೇಳಿದ್ದನ್ನು ಪರೀಕ್ಷಿಸುವ ಹಿರಿಯರು ಗುಂಪಿನೊಳಗೆ ಉಳಿಯದಿದ್ದಾಗ ಆಗುವುದೇ ಇದು. ಮುಕ್ತಿಯಲ್ಲಿ ಯಾರೂ ಇಸವಿ ಹೇಳಲಿಲ್ಲ. ದಿನವೂ ಅಧ್ಯಾಯ ಹಿಡಿದು ಸತ್ಯವೇದ ಕಲಿಸುವ ಪಂಡಿತೆಯೊಬ್ಬರು ಮುಂದೆ ಕೂತಿದ್ದರು.

ಬೇರೊಂದು ಬಗೆಯ ಎಡವಟ್ಟು ಲುಶಾಯಿ ಬೆಟ್ಟಗಳಲ್ಲಿ, ಎಂದರೆ ಇಂದಿನ ಮಿಜೋರಾಂನಲ್ಲಿ ಆಯಿತು. 1906ರಲ್ಲಿ ಅಲ್ಲಿನ ಕ್ರೈಸ್ತರ ಗುಂಪೊಂದು ಖಾಸಿ ಬೆಟ್ಟದ ಮೈರಾಂಗ್‌ಗೆ ಹೋಗಿ ಬಂದ ಮೇಲೆ ಐಜಾಲ್‌ನಲ್ಲಿ ಉಜ್ಜೀವನ ಶುರುವಾಯಿತು. ಆದರೆ ಆಗ ಸಭೆಯೊಳಗೆ ಊರಿನ ಡೋಲು ಇರಲಿಲ್ಲ, ಊರಿನ ರಾಗ ಇರಲಿಲ್ಲ, ವೇಲ್ಸ್‌ನ ಧಾಟಿಗಳೇ. 1908ರ ಸುಮಾರಿಗೆ ‘ಪೂಮಾ ಝಾಯ್’ ಎಂಬ ಹಾಡಿನ ಅಲೆಯೆದ್ದು ಹಳ್ಳಿಹಳ್ಳಿಗಳಲ್ಲಿ ಉಜ್ಜೀವನವನ್ನು ಅಣಕಿಸುತ್ತಾ ಸಾಗಿತು. 1919ರ ಉಜ್ಜೀವನದ ಹೊತ್ತಿಗೆ ಡೋಲೂ ತಮ್ಮದೇ ರಾಗಗಳೂ ಕೂಟಗಳೊಳಗೆ ಬಂದವು. ಇಂದಿಗೂ ಮಿಜೋ ಚರ್ಚುಗಳಲ್ಲಿ ಆ ಡೋಲು ಬಾರಿಸುತ್ತದೆ.

ಬರಗಾಲದಲ್ಲಿ ಅನ್ನ ಕೊಟ್ಟು ಮತಾಂತರ ಮಾಡಿದರು ಎಂಬ ಆರೋಪವನ್ನು ನಾವು ಬದಿಗೆ ಸರಿಸುವುದಿಲ್ಲ. 1893ರಲ್ಲೇ ಶಾರದಾ ಸದನದ ಹುಡುಗಿಯರು ಕ್ರೈಸ್ತರಾಗುತ್ತಿದ್ದಾರೆಂಬ ಕಾರಣಕ್ಕೆ ರಾನಡೆ, ಭಂಡಾರ್ಕರ್ ಅವರಂಥ ಸುಧಾರಕರು ಅದರ ಸಲಹಾ ಮಂಡಳಿ ಬಿಟ್ಟರು; ತಿಲಕರ ‘ಕೇಸರಿ’ ಪತ್ರಿಕೆ ಕಟುವಾಗಿ ಬರೆಯಿತು. 1901–02ರಲ್ಲಿ ಕೆಲವೇ ವಾರಗಳಲ್ಲಿ ಮುಕ್ತಿಯ ಸುಮಾರು 1,200 ಮಂದಿಗೆ ದೀಕ್ಷಾಸ್ನಾನವಾಯಿತು. ಹಸಿವಿನಿಂದ ಪಾರಾಗಿ ಬಂದ ಮಕ್ಕಳ ಒಪ್ಪಿಗೆ ಎಷ್ಟು ಸ್ವತಂತ್ರ ಎಂದು ಕೇಳುವುದು ಸರಿಯಾದ ಪ್ರಶ್ನೆಯೇ. ಆದರೆ ಪ್ರಶ್ನೆ ಕೇಳುವವರು ಇಸವಿಯನ್ನು ಬೆರೆಸಬಾರದು. 1905ರ ಪ್ರಾರ್ಥನಾ ಕೂಟದಲ್ಲಿ ಕೂತವರು ಹಿಂದೆಯೇ ಕ್ರೈಸ್ತರಾಗಿದ್ದವರು. ಉಜ್ಜೀವನ ಎಂದರೆ ಹೊರಗಿನವರನ್ನು ಸೇರಿಸಿಕೊಳ್ಳುವುದಕ್ಕಿಂತ ಮೊದಲು ಒಳಗಿನವರು ಎಚ್ಚರಗೊಳ್ಳುವುದು. ರಮಾಬಾಯಿಗೆ ಅದು ಬೇಕಾಗಿದ್ದೇ ಮೊದಲಿನ ದೀಕ್ಷಾಸ್ನಾನಗಳು ಹೆಸರಿಗಷ್ಟೇ ಉಳಿಯಬಾರದೆಂದು.

ಕರ್ನಾಟಕದ ಲೇಖಕರಿಗೆ ಒಂದು ಮಾತು. ಮಾಳ ಮತ್ತು ಗಂಗಾಮೂಲದ ನಂಟನ್ನು ಎಲ್ಲರೂ ಬರೆಯುತ್ತಾರೆ, ಬರೆಯಲೇಬೇಕು. ಆದರೆ ಅವರ ಕೊನೆಗಾಲದ ಕನ್ನಡನಾಡಿನ ನಂಟನ್ನು ಬಿಟ್ಟುಬಿಡುತ್ತಾರೆ. ಆಗ ನಿಜಾಮರ ರಾಜ್ಯದಲ್ಲಿದ್ದ ಗುಲ್ಬರ್ಗದಲ್ಲಿ, ಎಂದರೆ ಇಂದಿನ ಕಲಬುರಗಿಯಲ್ಲಿ, 1912–13ರ ಸುಮಾರಿಗೆ ಮಗಳು ಮನೋರಮಾಳ ನೆರವಿನಿಂದ ಅವರು ಶಾಲೆ ತೆರೆದರು. ಉಜ್ಜೀವನದ ನಂತರ ಮುಕ್ತಿಯ ಕೆಲಸ ಹರಡಿದ ದಾರಿಗಳಲ್ಲಿ ಅದೂ ಒಂದು. ಮನೋರಮಾ 1921ರ ಜುಲೈನಲ್ಲಿ ತೀರಿಕೊಂಡರು. ಹೀಬ್ರೂ, ಗ್ರೀಕ್ ಮೂಲಗಳಿಂದ ಮರಾಠಿಗೆ ತರುತ್ತಿದ್ದ ಸತ್ಯವೇದದ ಕೆಲಸವನ್ನು ಮುಗಿಸಿ, ತಾಯಿ 1922ರ ಏಪ್ರಿಲ್ 5ರಂದು ಹೋದರು. ಅದನ್ನು ಅಚ್ಚುಹಾಕಿದ್ದು ಮುಕ್ತಿಯ ಹೆಣ್ಣುಮಕ್ಕಳೇ ನಡೆಸುತ್ತಿದ್ದ ಅಚ್ಚುಕೂಟದಲ್ಲಿ.

ಕಲಬುರಗಿ, ರಾಯಚೂರು, ಬೀದರ್ ಕಡೆಯ ಹಳೆಯ ಚರ್ಚುಗಳ ಕಪಾಟುಗಳಲ್ಲಿ, ಮನೆಗಳ ಪೆಟ್ಟಿಗೆಗಳಲ್ಲಿ ಆ ಕಾಲದ ದೀಕ್ಷಾಸ್ನಾನದ ದಾಖಲೆ ಪುಸ್ತಕ, ಶಾಲೆಯ ಹಾಜರಿ, ಕೈಬರಹದ ಹಾಡಿನ ಪುಸ್ತಕ, ಮುಕ್ತಿಯಿಂದ ಬಂದ ಕಾಗದಗಳು ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಲ್ಯಾಮಿನೇಟ್ ಮಾಡಿಸಬೇಡಿ, ಅಂಟುಪಟ್ಟಿ ಹಚ್ಚಬೇಡಿ. ಅದರಿಂದ ಹಳೆಯ ಕಾಗದ ಇನ್ನೂ ಬೇಗ ಹಾಳಾಗುತ್ತದೆ. ಕಬ್ಬಿಣದ ಪಿನ್ನುಗಳಿದ್ದರೆ ತೆಗೆದು, ಹಾಳೆಗಳನ್ನು ಒಣ ಜಾಗದಲ್ಲಿ ಮಟ್ಟಸವಾಗಿ ಇಡಿ. ಹಗಲು ಬೆಳಕಿನಲ್ಲಿ ಪ್ರತಿ ಪುಟದ ಫೋಟೊ ತೆಗೆದು, ಯಾವ ಊರು, ಯಾರ ಮನೆಯದ್ದು ಎಂದು ಬರೆದಿಡಿ. ನಿಮ್ಮ ಪತ್ರಿಕೆಯ ಕಲಬುರಗಿ ಆವೃತ್ತಿ ಇದರ ಬಗ್ಗೆ ಒಂದು ಸಣ್ಣ ಪ್ರಕಟಣೆ ಹಾಕಿದರೆ, ಮುಂದಿನ ಏಪ್ರಿಲ್‌ಗೆ ಬರೆಯುವವರ ಕೈಗೆ ಹೊಸ ದಾಖಲೆಗಳಾದರೂ ಸಿಕ್ಕಾವು.

ಇತಿ,
ಕ್ರೈಸ್ತ ಸಭೆಗಳ ಚರಿತ್ರೆಯನ್ನು ಅಭ್ಯಾಸ ಮಾಡುವ ಕೆಲವರು,
ಮಂಗಳೂರು